ಅಂಬಾರಿ ಸಾಕು, ಆನೆ ಬೇಡ

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಕೆ ಅನುಕೂಲ. ನಿಮ್ಮ ಹತ್ತಿರ ಒಂದು 8 ಇಂಚಿನ ಟೆಲಿಸ್ಕೋಪ್ ಇದೆ, ಅದರ ಬೆನ್ನ ಮೇಲೆ ಇನ್ನೊಂದು ಚಿಕ್ಕ ಟೆಲಿಸ್ಕೋಪ್ ಕೂರಿಸಿದ್ದೀರಿ, ಇವೆರಡನ್ನೂ ಇಟ್ಕೊಂಡು ನೀಹಾರಿಕೆ, ಗೆಲಾಕ್ಸಿಗಳ ಫೋಟೊ ತೆಗೀಬೇಕು ಅಂತ ಒದ್ದಾಡ್ತಾ ಇದ್ದೀರಿ ಅಂತಾದರೆ, ಕೆಳಗಿರೋದನ್ನ ಮಾರಿಬಿಡಿ. ಮೇಲಿರೋದನ್ನ ಇಟ್ಕೊಳ್ಳಿ. ಇನ್ನೂ ಕೊಂಡಿಲ್ಲ, ಬರೀ ಕಾರ್ಟಿಗೆ ಹಾಕಿ ಸಂಬಳದ ದಿನಕ್ಕೆ ಕಾಯ್ತಿದ್ದೀರಾ? ಬಹಳ ಒಳ್ಳೇದು. ದೊಡ್ಡದನ್ನ ಕಾರ್ಟಿನಿಂದ ತೆಗೀರಿ.

ಈ ಮಾತು ಹೇಳಿದಾಗಲೆಲ್ಲ ನನಗೆ ಸಿಗೋ ಉತ್ತರ ಒಂದೇ: "ಸರ್, ಅದು ದೊಡ್ಡದು ಸರ್." ಹೌದು, ದೊಡ್ಡದು. ಮೈಸೂರು ದಸರಾದಲ್ಲಿ ಆನೆಯೂ ದೊಡ್ಡದೇ. ಆದರೆ ಜನ ಕೈ ಮುಗಿಯೋದು ಅಂಬಾರಿಯೊಳಗೆ ಕೂತ ಚಾಮುಂಡೇಶ್ವರಿಗೆ. ಅಲ್ಲಿ ಆನೆಯಾದರೂ ತನ್ನ ಕಾಲ ಮೇಲೆ ತಾನು ನಿಂತಿರುತ್ತೆ, ವಾರಗಟ್ಟಲೆ ಮರಳುಮೂಟೆ ಹೊತ್ತು ತಾಲೀಮು ಮಾಡಿರುತ್ತೆ. ನಮ್ಮ ಹವ್ಯಾಸಿಗಳ ಮೆರವಣಿಗೆಯಲ್ಲಿ ಆನೆ, ಅಂಬಾರಿ ಎರಡನ್ನೂ ಒಂದು ಬಡಪಾಯಿ ಕತ್ತೆಯ ಮೇಲೆ ಹೇರಿರ್ತಾರೆ. ಆ ಕತ್ತೆಯ ಹೆಸರು ಮೌಂಟ್.

ಈ ಲೋಕದ ಪರಿಚಯ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಭೂಮಿ ತಿರುಗೋದರಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತೆ. ಒಂದು ಡಿಗ್ರಿಯನ್ನು 3,600 ಹೋಳು ಮಾಡಿದರೆ ಅದರಲ್ಲಿ ಒಂದು ಹೋಳು ಒಂದು ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರನ ಅಗಲ ಇಂಥ ಸುಮಾರು 1,800 ಹೋಳು. ಮಸುಕಾದ ನೀಹಾರಿಕೆಯ ಫೋಟೊಗೆ ಐದು, ಹತ್ತು ನಿಮಿಷ ಶಟರ್ ತೆರೆದಿಡಬೇಕು. ಅಷ್ಟು ಹೊತ್ತೂ ಮೌಂಟ್ ಅನ್ನೋ ಮೋಟರಿನ ಪೀಠ ಟೆಲಿಸ್ಕೋಪನ್ನು ಭೂಮಿಗೆ ಎದುರಾಗಿ ತಿರುಗಿಸ್ತಾ ಇರಬೇಕು. ಮೌಂಟಿನ ಹಲ್ಲುಚಕ್ರ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ತಪ್ಪುತ್ತೆ. ಅದಕ್ಕೇ ಒಂದು ಚಿಕ್ಕ ಟೆಲಿಸ್ಕೋಪ್ ಬೇಕು. ಅದರ ಹಿಂದಿನ ಕ್ಯಾಮೆರಾ ಒಂದೇ ನಕ್ಷತ್ರವನ್ನು ದಿಟ್ಟಿಸ್ತಾ ಕೂತಿರುತ್ತೆ, ನಕ್ಷತ್ರ ಜಾರಿದರೆ ಲ್ಯಾಪ್‌ಟಾಪು ಮೌಂಟಿಗೆ ತಿದ್ದುಪಡಿ ಕಳಿಸುತ್ತೆ. ಇದಕ್ಕೆ ಗೈಡಿಂಗ್ ಅಂತಾರೆ. ಇನ್ನು ಕೆಲವರು ಮೇಲಿನ ಚಿಕ್ಕದರಲ್ಲೂ ಒಂದು ಫೋಟೊ, ಕೆಳಗಿನ ದೊಡ್ಡದರಲ್ಲೂ ಒಂದು ಫೋಟೊ, ಒಂದೇ ರಾತ್ರಿ ಡಬಲ್ ಫಸಲು ಅಂತ ಲೆಕ್ಕ ಹಾಕ್ತಾರೆ. ಎರಡನೆಯದು ಬೆನ್ನೇರೋದು ಹೀಗೆ.

ಕಾಗದದ ಮೇಲೆ ಎಲ್ಲಾ ಸರಿಯಾಗೇ ಇದೆ. ನಾನು ಜಗಳ ಆಡ್ತಿರೋದು ಕಬ್ಬಿಣ, ಅಲ್ಯುಮಿನಿಯಂ ಮತ್ತು ಸ್ಕ್ರೂಗಳ ಜೊತೆ.

ಗೈಡಿಂಗ್‌ನ ಇಡೀ ತರ್ಕ ಒಂದೇ ನಂಬಿಕೆಯ ಮೇಲೆ ನಿಂತಿದೆ: ಮೇಲಿನದು ನೋಡ್ತಿರೋದೇ ಕೆಳಗಿನದೂ ನೋಡ್ತಿದೆ ಅಂತ. ಎರಡೂ ಟ್ಯೂಬುಗಳು ಒಂದೇ ಕಲ್ಲಿನಲ್ಲಿ ಕೆತ್ತಿದ ಹಾಗೆ ಇದ್ದಿದ್ದರೆ ಇದು ನಿಜ. ಆದರೆ ಮಧ್ಯೆ ಏನೇನಿದೆ ನೋಡಿ. ಒಂದು ಉದ್ದದ ಪಟ್ಟಿ, ಅದರ ಮೇಲೆ ಎರಡು ಬಳೆ, ಪ್ರತಿ ಬಳೆಗೂ ಮೂರು ಪ್ಲಾಸ್ಟಿಕ್ ತುದಿಯ ಸ್ಕ್ರೂ, ಆಚೆ ಫೋಕಸರ್, ಅದರಿಂದ ಜೋತು ಬಿದ್ದ ಕ್ಯಾಮೆರಾ, ಕ್ಯಾಮೆರಾದಿಂದ ಜೋತು ಬಿದ್ದ ಯುಎಸ್‌ಬಿ ವೈರು. ಟೆಲಿಸ್ಕೋಪ್ ಪೂರ್ವದಿಂದ ಪಶ್ಚಿಮಕ್ಕೆ ಹೊರಳ್ತಾ ಹೋದಂತೆ ಭಾರ ಬೀಳೋ ದಿಕ್ಕು ಬದಲಾಗುತ್ತೆ, ಇವೆಲ್ಲ ತಮ್ಮ ತಮ್ಮ ಇಷ್ಟದಂತೆ ಒಂದಿಷ್ಟು ಬಾಗ್ತವೆ. ಎಷ್ಟು? ಎರಡು ಬಳೆಗಳ ನಡುವೆ 300 ಮಿಲಿಮೀಟರ್ ಅಂತರ ಇದೆ ಅಂದುಕೊಳ್ಳಿ. ಒಂದು ಬಳೆ ಬರೀ 1 ಮೈಕ್ರಾನ್ ಕುಸಿದರೂ ಚಿಕ್ಕ ಟೆಲಿಸ್ಕೋಪಿನ ನೋಟ ಸುಮಾರು 0.7 ಆರ್ಕ್‌ಸೆಕೆಂಡ್ ತಪ್ಪುತ್ತೆ. ಮನುಷ್ಯನ ತಲೆಗೂದಲು ದಪ್ಪದಲ್ಲಿ ಹತ್ತಾರು ಮೈಕ್ರಾನ್ ಇರುತ್ತೆ. ಅಂದರೆ ಕೂದಲೆಳೆಯ ಅಂತರ ಅಂತೀವಲ್ಲ, ಅದು ಇಲ್ಲಿ ಭಾರಿ ದೊಡ್ಡ ಅಂತರ.

ಈಗ ದೊಡ್ಡ ಟ್ಯೂಬಿಗೆ ಬನ್ನಿ. ನಮ್ಮಲ್ಲಿ ಬಹಳ ಜನ ಕೊಳ್ಳೋದು ಷ್ಮಿಟ್-ಕ್ಯಾಸೆಗ್ರೇನ್ ಮಾದರಿಯ 8 ಇಂಚು. ಗಿಡ್ಡ ಡೋಲಿನ ಥರ ಇರುತ್ತೆ, ಒಳಗೆ ಬೆಳಕು ಮಡಚಿಕೊಂಡು ಓಡಾಡುತ್ತೆ, ಫೋಕಲ್ ಲೆಂಗ್ತ್ 2,032 ಮಿಲಿಮೀಟರ್. ಈಗ ಚಾಲ್ತಿಯಲ್ಲಿರೋ 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಅದರ ಹಿಂದೆ ಹಾಕಿದರೆ ಒಂದೊಂದು ಪಿಕ್ಸೆಲ್ಲೂ ಆಕಾಶದ 0.38 ಆರ್ಕ್‌ಸೆಕೆಂಡನ್ನು ನೋಡುತ್ತೆ. ಅಂದರೆ ಆ 1 ಮೈಕ್ರಾನ್ ಕುಸಿತ ಫೋಟೊದಲ್ಲಿ ಹೆಚ್ಚೂ ಕಡಿಮೆ ಎರಡು ಪಿಕ್ಸೆಲ್ ಉದ್ದದ ಗೀಟು. ಐದು ಮೈಕ್ರಾನ್ ಆದರೆ ಒಂಬತ್ತು ಪಿಕ್ಸೆಲ್. ನಕ್ಷತ್ರ ಹೋಗಿ ಕೋಳಿಮೊಟ್ಟೆ ಆಯ್ತು.

ಇದು ಸಾಲದು ಅಂತ ಆ ಡೋಲಿನ ಒಳಗಿನ ದೊಡ್ಡ ಕನ್ನಡಿಯೇ ಸುಮ್ಮನಿರಲ್ಲ. ಫೋಕಸ್ ಮಾಡೋಕೆ ಆ ಕನ್ನಡಿಯೇ ಹಿಂದೆ ಮುಂದೆ ಜಾರುವ ಹಾಗೆ ಅದನ್ನು ಕಟ್ಟಿರ್ತಾರೆ. ಜಾರುವ ವಸ್ತು ಅಂದ್ಮೇಲೆ ಅದಕ್ಕೆ ಒಂದಿಷ್ಟು ಸಡಿಲ ಇರಲೇಬೇಕು. ಟೆಲಿಸ್ಕೋಪ್ ನೆತ್ತಿ ದಾಟಿ ಆ ಕಡೆ ವಾಲಿದಾಗ ಕನ್ನಡಿಯೂ ವಾಲುತ್ತೆ. ಬೆನ್ನ ಮೇಲಿನ ಗೈಡ್‌ಸ್ಕೋಪಿಗೆ ಇದು ಗೊತ್ತಾಗೋ ದಾರಿಯೇ ಇಲ್ಲ. ಅದು ತನ್ನ ನಕ್ಷತ್ರವನ್ನು ಭಕ್ತಿಯಿಂದ ನೋಡ್ತಾ, "ಎಲ್ಲಾ ಸರಿಯಾಗಿದೆ ಸ್ವಾಮಿ" ಅಂತ ವರದಿ ಕಳಿಸ್ತಾ ಇರುತ್ತೆ. ಲ್ಯಾಪ್‌ಟಾಪಿನಲ್ಲಿ ಗೈಡಿಂಗ್ ಗ್ರಾಫು ನೆಟ್ಟಗೆ ಮಲಗಿರುತ್ತೆ, ಫೋಟೊದಲ್ಲಿ ನಕ್ಷತ್ರ ಉದ್ದಕ್ಕೆ ಮಲಗಿರುತ್ತೆ. ಡ್ಯಾಶ್‌ಬೋರ್ಡೆಲ್ಲ ಹಸಿರು, ಪ್ರೊಡಕ್ಷನ್ ಡೌನ್. ಈ ಸಂಕಟ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಜನ ಏನು ಮಾಡ್ತಾರೆ? ಸಾಫ್ಟ್‌ವೇರ್ ತಿದ್ದುತ್ತಾರೆ. ಅಗ್ರೆಸಿವ್‌ನೆಸ್ 70ರಿಂದ 65ಕ್ಕೆ ಇಳಿಸ್ತಾರೆ. ಒಂದು ರಾತ್ರಿ ಪೂರ್ತಿ ಇದೇ. ಬೆಳಗಿನ ಜಾವ ನಾಲ್ಕಕ್ಕೆ ಇಬ್ಬನಿ ಬೀಳುತ್ತೆ, ಲೆನ್ಸು ಮಂಜಾಗುತ್ತೆ, ಗಂಟು ಮೂಟೆ ಕಟ್ಟಿ ವಾಪಸು.

ಬಲ್ಲವರು ಇಲ್ಲಿ ಅಡ್ಡ ಹಾಕ್ತಾರೆ: "ಆಫ್-ಆ್ಯಕ್ಸಿಸ್ ಗೈಡರ್ ಹಾಕಿ, ಮುಗೀತು." ಸರಿಯಾದ ಮಾತು. ದೊಡ್ಡ ಟೆಲಿಸ್ಕೋಪಿನ ಬೆಳಕಿನ ದಾರಿಯಲ್ಲೇ ಅಂಚಿಗೆ ಒಂದು ಪುಟ್ಟ ಪ್ರಿಸಂ ಇಟ್ಟು, ಅಲ್ಲಿಂದಲೇ ಒಂದು ನಕ್ಷತ್ರ ಕದ್ದು ಗೈಡ್ ಮಾಡೋ ಸಾಧನ ಅದು. ಕನ್ನಡಿ ವಾಲಿದರೆ ಅದಕ್ಕೂ ಗೊತ್ತಾಗುತ್ತೆ, ಏಕೆಂದರೆ ಅದು ನೋಡೋದೂ ಅದೇ ಕನ್ನಡಿಯಲ್ಲಿ. ಉದ್ದ ಫೋಕಲ್ ಲೆಂಗ್ತಿಗೆ ಅದೇ ಮದ್ದು, ಒಪ್ಪಿದೆ. ಆದರೆ ಸ್ವಾಮಿ, ಅದನ್ನು ಹಾಕಿದ ಮೇಲೆ ಗೈಡಿಂಗಿಗೆ ಅಂತ ಬೆನ್ನ ಮೇಲೆ ಎರಡನೆಯದು ಯಾಕೆ ಬೇಕು? ನೀವು ನನ್ನ ವಾದಕ್ಕೆ ಅರ್ಧ ಸಹಿ ಹಾಕಿದ ಹಾಗಾಯ್ತು.

ಇನ್ನು ಕತ್ತೆಯ ಕಥೆ. 13-14 ಕೆ.ಜಿ. ಹೊರುತ್ತೆ ಅಂತ ಡಬ್ಬಿಯ ಮೇಲೆ ಬರೆದಿರೋ ಮೌಂಟ್ ನಮ್ಮವರಿಗೆ ತುಂಬ ಪ್ರಿಯ. ಆ ಅಂಕಿ ಕಣ್ಣಿಟ್ಟು ನೋಡೋರಿಗೆ. ಫೋಟೊ ತೆಗೆಯೋರು ಅದರ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಭಾಗಕ್ಕೆ ನಿಲ್ಲಬೇಕು ಅಂತ ಹಳಬರ ಮಾತು. 8 ಇಂಚಿನ ಡೋಲು ಒಂದೇ ಸುಮಾರು ಐದೂಮುಕ್ಕಾಲು ಕೆ.ಜಿ. ಮೇಲೊಂದು 80 ಮಿಲಿಮೀಟರ್ ರಿಫ್ರಾಕ್ಟರ್, ಬಳೆ, ಪಟ್ಟಿ, ಎರಡು ಕ್ಯಾಮೆರಾ, ಇಬ್ಬನಿ ತಡೆಯೋ ಹೀಟರು ಎಲ್ಲ ಸೇರಿಸಿದರೆ ಹನ್ನೊಂದು ಹನ್ನೆರಡಕ್ಕೆ ಹೋಗುತ್ತೆ. ಅದೂ ಸಾಲದ್ದಕ್ಕೆ ತಕ್ಕಡಿ ಬರೀ ತೂಕ ನೋಡಲ್ಲ, ದೂರವನ್ನೂ ನೋಡುತ್ತೆ. ಚಿಕ್ಕ ಟೆಲಿಸ್ಕೋಪನ್ನು ನೇರ ಮೌಂಟಿನ ಮೇಲೆ ಕೂರಿಸಿದಾಗ ಅದು ತಿರುಗುವ ಅಕ್ಷದಿಂದ 25 ಸೆಂಟಿಮೀಟರ್ ದೂರ ಇತ್ತು ಅಂದುಕೊಳ್ಳಿ. ಅದನ್ನೇ ದೊಡ್ಡದರ ಬೆನ್ನ ಮೇಲೆ 50 ಸೆಂಟಿಮೀಟರ್ ದೂರಕ್ಕೆ ಎತ್ತಿದರೆ, ಅದೇ ಮೂರೂವರೆ ಕೆ.ಜಿ.ಗೆ ಸಮತೂಕ ಎರಡು ಪಟ್ಟು ಬೇಕು. ತಿರುಗಿಸೋಕೆ, ನಿಲ್ಲಿಸೋಕೆ ಬೀಳೋ ಜಡತ್ವ ನಾಲ್ಕು ಪಟ್ಟು. ಗಾಳಿ ಬೀಸಿದಾಗ ಅದು ತೂಗೋದನ್ನು ನೋಡಿದರೆ ಜಾತ್ರೆ ತೇರು ನೆನಪಾಗುತ್ತೆ.

ನಮ್ಮ ಊರಿಗೆ ಇನ್ನೊಂದು ವಿಶೇಷ ಇದೆ, ಇಂಗ್ಲಿಷ್ ಯೂಟ್ಯೂಬ್ ಚಾನೆಲ್ಲುಗಳಲ್ಲಿ ಇದನ್ನು ಯಾರೂ ಹೇಳಲ್ಲ, ಏಕೆಂದರೆ ಅವರಲ್ಲಿ ಬಹಳಷ್ಟು ಜನ ಇರೋದು 40, 50 ಡಿಗ್ರಿ ಅಕ್ಷಾಂಶದಲ್ಲಿ. ಬೆಂಗಳೂರು 13 ಡಿಗ್ರಿಯಲ್ಲಿದೆ. ಮೌಂಟಿನ ಮುಖ್ಯ ಅಕ್ಷ ಧ್ರುವದ ಕಡೆ ನೋಡಬೇಕು, ಅಂದರೆ ನಮ್ಮಲ್ಲಿ ಅದು ಹೆಚ್ಚೂ ಕಡಿಮೆ ನೆಲಕ್ಕೆ ಸಮನಾಗಿ ಮಲಗುತ್ತೆ. ಭಾರವೆಲ್ಲ ಉತ್ತರಕ್ಕೆ ಚಾಚಿಕೊಂಡಿರುತ್ತೆ, ಎತ್ತರ ಹೊಂದಿಸೋ ಬೋಲ್ಟಿನ ಮೇಲೆ ಒತ್ತಡ ಬೀಳುತ್ತೆ, ಎಷ್ಟೋ ಮೌಂಟುಗಳಲ್ಲಿ ಕೌಂಟರ್‌ವೇಟ್ ಹೋಗಿ ಟ್ರೈಪಾಡಿನ ಕಾಲಿಗೇ ಬಡಿಯುತ್ತೆ. ಯುರೋಪಿನವರು ಮೂರು ತೂಕದ ಬಿಲ್ಲೆ ಹಾಕಿ ಆರಾಮಾಗಿರೋ ಕಡೆ ನಾವು ಎರಡಕ್ಕೇ ಏದುಸಿರು ಬಿಡ್ತೀವಿ. ಅವರ ರಿಗ್ ನೋಡಿ ಇಲ್ಲಿ ನಕಲು ಮಾಡೋರು ಈ 13 ಅನ್ನೋ ಅಂಕಿಯನ್ನು ಒಮ್ಮೆ ಮನಸ್ಸಿಗೆ ತಂದ್ಕೋಬೇಕು.

ಇಷ್ಟೆಲ್ಲ ಹೊತ್ತು, ಕೊನೆಗೆ ಸಿಗೋದಾದರೂ ಏನು? ಆ 2,032 ಮಿಲಿಮೀಟರಿನ ಹಿಂದೆ ಎಪಿಎಸ್-ಸಿ ಅಳತೆಯ ಸೆನ್ಸರ್ ಇಟ್ಟರೆ ಕಾಣೋ ಆಕಾಶ 0.66 ಡಿಗ್ರಿ ಅಗಲ, 0.44 ಡಿಗ್ರಿ ಎತ್ತರ. ಹುಣ್ಣಿಮೆ ಚಂದ್ರನೇ ಅದರಲ್ಲಿ ಪೂರ್ತಿ ಹಿಡಿಸಲ್ಲ, ತಲೆಯೋ ಕಾಲೋ ಕತ್ತರಿಸಿ ಹೋಗುತ್ತೆ. ಆಂಡ್ರೊಮಿಡಾ ಗೆಲಾಕ್ಸಿ ಮೂರು ಡಿಗ್ರಿ ಉದ್ದ ಇದೆ. ಅದೇ ಸೆನ್ಸರನ್ನು 60 ಮಿಲಿಮೀಟರ್ ಅಗಲದ, 360 ಮಿಲಿಮೀಟರ್ ಫೋಕಲ್ ಲೆಂಗ್ತಿನ ಚಿಕ್ಕ ರಿಫ್ರಾಕ್ಟರಿಗೆ ಹಾಕಿ: ಮೂರೂಮುಕ್ಕಾಲು ಡಿಗ್ರಿ ಅಗಲ, ಎರಡೂವರೆ ಡಿಗ್ರಿ ಎತ್ತರ. ಆಂಡ್ರೊಮಿಡಾ ತುದಿಯಿಂದ ತುದಿಗೆ ಬಂದು ಕೂರುತ್ತೆ. ರೋಸೆಟ್ ನೀಹಾರಿಕೆ, ಓರಿಯನ್ ಬೆಲ್ಟಿನ ಕುದುರೆತಲೆ, ಕೃತ್ತಿಕೆಯ ಸುತ್ತಲಿನ ನೀಲಿ ಧೂಳು, ನಿಮ್ಮನ್ನು ಈ ಹುಚ್ಚಿಗೆ ಎಳೆದು ತಂದ ಫೋಟೊಗಳೆಲ್ಲ ಈ ಚೌಕಟ್ಟಿನವೇ. ಡೋಲಿನದ್ದಲ್ಲ.

ಬೆಳಕಿನ ಲೆಕ್ಕವೂ ಹಾಗೇ. ಡೋಲು ಎಫ್/10, ಚಿಕ್ಕದು ಎಫ್/6. ಒಂದೇ ಕ್ಯಾಮೆರಾ ಇಟ್ಟರೆ ಚಿಕ್ಕದು ಒಂದು ಗಂಟೆಯಲ್ಲಿ ಪಿಕ್ಸೆಲ್ಲಿಗೆ ತುಂಬುವ ನೀಹಾರಿಕೆಯ ಬೆಳಕನ್ನು ತುಂಬೋಕೆ ದೊಡ್ಡದಕ್ಕೆ ಹತ್ತಿರ ಹತ್ತಿರ 2 ಗಂಟೆ 47 ನಿಮಿಷ ಬೇಕು. ಪಿಕ್ಸೆಲ್ಲುಗಳನ್ನ ಒಟ್ಟುಗೂಡಿಸಿ ಬಿನ್ ಮಾಡಿದರೆ ಇದು ಸರಿಹೋಗುತ್ತೆ ಅಂತ ತಿಳಿದವರು ಹೇಳ್ತಾರೆ. ಹೋಗುತ್ತೆ. ಆದರೆ ಬಿನ್ ಮಾಡಿದ ಕ್ಷಣ ನೀವು ರೆಸಲ್ಯೂಷನ್ ಬಿಟ್ಟುಕೊಟ್ಟಿರಿ, ಅದಕ್ಕೆ ತಾನೇ ಅಷ್ಟು ದೊಡ್ಡದನ್ನ ಮನೆಗೆ ತಂದಿದ್ದು? ಅಲ್ಲದೆ ನಮ್ಮ ಬಯಲುಸೀಮೆಯ ಗಾಳಿ ಎಷ್ಟೋ ರಾತ್ರಿ ನಕ್ಷತ್ರವನ್ನೇ 2-3 ಆರ್ಕ್‌ಸೆಕೆಂಡಿಗೆ ಕಲಸಿಬಿಡುತ್ತೆ. 0.38ರಲ್ಲಿ ಅಳೆದರೆ ಕಲಸಿದ್ದನ್ನೇ ದೊಡ್ಡದು ಮಾಡಿ ನೋಡಿದ ಹಾಗೆ. ರಿಡ್ಯೂಸರ್ ಹಾಕ್ತೀನಿ ಅನ್ನೋರಿಗೂ ಒಂದು ಮಾತು: 0.63 ರಿಡ್ಯೂಸರ್ ಹಾಕಿದರೂ ಅದು 1,280 ಮಿಲಿಮೀಟರ್. ಸಿಂಹ ಮುದಿಯಾದರೂ ಹುಲ್ಲು ತಿನ್ನಲ್ಲ.

ಇದೇನೂ ನಾನು ಕಂಡುಹಿಡಿದ ತತ್ವ ಅಲ್ಲ, ಇದಕ್ಕೆ 130 ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಕ್ ವೀಕ್ಷಣಾಲಯ. 1888ರಲ್ಲಿ ಅಲ್ಲಿ ನಿಂತಿದ್ದ 36 ಇಂಚಿನ ರಿಫ್ರಾಕ್ಟರ್ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಅದೇ ಬೆಟ್ಟದ ಮೇಲೆ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಅನ್ನೋ ಖಗೋಳಜ್ಞ ಇದ್ದರು. ಬಡತನದಲ್ಲಿ ಬೆಳೆದವರು, ಹುಡುಗನಾಗಿದ್ದಾಗಲೇ ನ್ಯಾಶ್‌ವಿಲ್‌ನ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದವರು. 1889ರಲ್ಲಿ ಅವರು ಕ್ಷೀರಪಥದ ಫೋಟೊ ತೆಗೆದದ್ದು ಆ 36 ಇಂಚಿನಲ್ಲಲ್ಲ. ಜನರ ಭಾವಚಿತ್ರ ತೆಗೆಯೋಕೆ ಬಳಸ್ತಿದ್ದ 6 ಇಂಚಿನ ಹಳೇ ಲೆನ್ಸೊಂದನ್ನು ಆರೂವರೆ ಇಂಚಿನ ಟೆಲಿಸ್ಕೋಪಿಗೆ ಬಿಗಿದರು. ಆ ಟೆಲಿಸ್ಕೋಪಿನ ಕೆಲಸ ಬರೀ ಗೈಡಿಂಗ್. ಬಾರ್ನಾರ್ಡ್ ಅದಕ್ಕೆ ಕಣ್ಣಿಟ್ಟು, ನಕ್ಷತ್ರವನ್ನು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಹಿಡಿದು ಕೂತರು. ಫೋಟೊ ತೆಗೆದದ್ದು ಸ್ಟುಡಿಯೋ ಲೆನ್ಸು. ನಕ್ಷತ್ರಗಳ ಮೋಡ, ನಡುವಿನ ಕಪ್ಪು ಕಾಲುವೆಗಳು ಅಷ್ಟು ವಿವರವಾಗಿ ಪ್ಲೇಟಿನ ಮೇಲೆ ಮೂಡಿದ್ದು ಆಗಲೇ.

ಇದರ ಸೊಗಸು 1892ರಲ್ಲಿದೆ. ಸೆಪ್ಟೆಂಬರ್ 9ರ ರಾತ್ರಿ ಬಾರ್ನಾರ್ಡ್ ಅದೇ 36 ಇಂಚಿನ ದೈತ್ಯಕ್ಕೆ ಕಣ್ಣಿಟ್ಟು ಗುರುಗ್ರಹದ ಐದನೇ ಚಂದ್ರನನ್ನು ಕಂಡರು. ಗೆಲಿಲಿಯೋ 1610ರಲ್ಲಿ ನಾಲ್ಕನ್ನು ಕಂಡ ಮೇಲೆ ಸಿಕ್ಕ ಮೊದಲನೆಯದು ಅದು. ಐದು ವಾರ ಕಳೀಲಿಲ್ಲ, ಅಕ್ಟೋಬರ್ 12ರಂದು ಅದೇ ಮನುಷ್ಯ ಸ್ಟುಡಿಯೋ ಲೆನ್ಸಿನ ಫೋಟೊದಲ್ಲಿ ಒಂದು ಧೂಮಕೇತು ಪತ್ತೆ ಮಾಡಿದರು, ಫೋಟೊದಿಂದ ಪತ್ತೆಯಾದ ಮೊತ್ತಮೊದಲ ಧೂಮಕೇತು. ಗ್ರಹಕ್ಕೆ ದೊಡ್ಡದು, ಆಕಾಶದ ಹರವಿಗೆ ಚಿಕ್ಕದು. ಎರಡನ್ನೂ ಒಂದರ ಮೇಲೊಂದು ಪೇರಿಸಿ ಎರಡೂ ಕೆಲಸ ಒಟ್ಟಿಗೆ ಮಾಡ್ತೀನಿ ಅಂತ ಅವರು ಹೊರಡಲಿಲ್ಲ.

"ಅದೆಲ್ಲ ಹಳೇ ಕಾಲ" ಅಂತೀರಾ? ಈಚಿನದ್ದೇ ತಗೊಳ್ಳಿ. ಆಂಡ್ರೊಮಿಡಾ ಬಹುಶಃ ಜಗತ್ತಿನ ಹವ್ಯಾಸಿಗಳು ಅತಿ ಹೆಚ್ಚು ಫೋಟೊ ತೆಗೆದ ಗೆಲಾಕ್ಸಿ. 2022ರಲ್ಲಿ ಮಾರ್ಸೆಲ್ ಡ್ರೆಕ್ಸ್‌ಲರ್, ಜೇವಿಯರ್ ಸ್ಟ್ರಾಟ್ನರ್, ಯಾನ್ ಸೇಂಟಿ ಅನ್ನೋ ಮೂವರು ಹವ್ಯಾಸಿಗಳು ಅದರ ಪಕ್ಕದಲ್ಲೇ ಆಕ್ಸಿಜನ್ ಅನಿಲದ ಒಂದು ದೊಡ್ಡ ಕಮಾನು ಇರೋದನ್ನು ತೋರಿಸಿದರು. ಅಲ್ಲಿವರೆಗೆ ಯಾರೂ ನೋಡಿರಲಿಲ್ಲ. ವೃತ್ತಿಪರ ಖಗೋಳಜ್ಞರ ಜೊತೆ ಸೇರಿ 2023ರಲ್ಲಿ ಅದನ್ನು ಪ್ರಕಟಿಸಿದರು. ಸೇಂಟಿ ಬಳಸಿದ ಟೆಲಿಸ್ಕೋಪಿನ ಅಗಲ 106 ಮಿಲಿಮೀಟರ್. ನಾಲ್ಕು ಇಂಚು ಚಿಲ್ಲರೆ. ಅವರನ್ನು ಗೆಲ್ಲಿಸಿದ್ದು ಆಕ್ಸಿಜನ್ ಬೆಳಕನ್ನು ಮಾತ್ರ ಬಿಡೋ ಫಿಲ್ಟರು, ಅಗಲವಾದ ನೋಟ, ಮತ್ತೆ ಮತ್ತೆ ಅದೇ ಜಾಗಕ್ಕೆ ಹೋದ ರಾತ್ರಿಗಳು.

ನನ್ನ ನಿಜವಾದ ತಕರಾರು ಈ ರಾತ್ರಿಗಳ ಬಗ್ಗೆ. ಬೆಂಗಳೂರಿನಲ್ಲಿ ಕೆಲಸ ಮಾಡೋ ನಮಗೆ ಕೊರತೆ ಇರೋದು ಅಪರ್ಚರಿನದ್ದಲ್ಲ. ವರ್ಷಕ್ಕೆ ಹನ್ನೆರಡೋ ಹದಿಮೂರೋ ಅಮಾವಾಸ್ಯೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗೆ ಹೋಯ್ತು. ಮೇ ಮತ್ತು ಅಕ್ಟೋಬರನ್ನ ನಂಬೋ ಹಾಗಿಲ್ಲ. ಉಳಿದಿದ್ದು ಆರು. ಅಮಾವಾಸ್ಯೆಗೆ ಹತ್ತಿರದ ಶನಿವಾರ ಅಂತ ಲೆಕ್ಕ ಹಾಕಿದರೂ ಒಂದಕ್ಕೆ ಯಾರದ್ದೋ ಮದುವೆ, ಇನ್ನೊಂದಕ್ಕೆ ಆಫೀಸಿನ ರಿಲೀಸು. ಕೈಗೆ ಸಿಗೋದು ನಾಲ್ಕು ರಾತ್ರಿ. ಈ ನಾಲ್ಕರಲ್ಲಿ ಒಂದೊಂದು ರಾತ್ರಿಯ ಮೊದಲ ಎರಡು ಮೂರು ಗಂಟೆಯನ್ನು ಎರಡು ಟ್ಯೂಬು ಜೋಡಿಸಿ, ಸಮತೂಕ ಮಾಡಿ, ಎರಡೂ ಒಂದೇ ಕಡೆ ನೋಡ್ತಿವೆಯಾ ಅಂತ ಪರೀಕ್ಷಿಸೋದಕ್ಕೆ ಸುರಿದರೆ ಉಳಿಯೋದೇನು? ನನ್ನ ಪರಿಚಯದ ಒಬ್ಬ ಹುಡುಗ ಮೂರು ಸೀಸನ್ ಹೀಗೇ ಕಳೆದ. ಮೊದಲ ಟ್ಯೂಬು ಕೊಟ್ಟ ಅಂಗಡಿಯವರೇ ನಕ್ಷತ್ರ ಮೊಟ್ಟೆ ಥರ ಬರ್ತಿದೆ ಅಂದಾಗ ಗೈಡ್‌ಸ್ಕೋಪ್ ಕೊಟ್ಟರು, ಅದು ಅಲ್ಲಾಡ್ತಿದೆ ಅಂದಾಗ ಇನ್ನೂ ದಪ್ಪದ ಬಳೆ ಕೊಟ್ಟರು, ಮೌಂಟ್ ತಡೀತಿಲ್ಲ ಅಂದಾಗ ಇನ್ನೊಂದು ಕೌಂಟರ್‌ವೇಟ್ ಕೊಟ್ಟರು. ಪ್ರತಿ ಕಾಯಿಲೆಗೂ ಒಂದು ಬಿಲ್ಲು. "ಮೊದಲನೇದನ್ನ ಇಳಿಸಪ್ಪ" ಅಂತ ಒಬ್ಬರೂ ಹೇಳಲಿಲ್ಲ. ಈಗ ಅವನು ಗಿಟಾರ್ ಕಲೀತಿದ್ದಾನೆ. ಗಿಟಾರಿನ ಮೇಲೆ ನನಗೆ ದ್ವೇಷ ಇಲ್ಲ, ಆದರೆ ಆ ಹುಡುಗನಿಗೆ ಒಳ್ಳೇ ಕಣ್ಣಿತ್ತು.

ಇದೇ ರಾತ್ರಿಗಳ ಕೊರತೆಯನ್ನೇ ಎದುರು ಪಕ್ಷದವರೂ ಹಿಡ್ಕೊಂಡು ಬರ್ತಾರೆ, ಅವರ ವಾದ ನಿಜಕ್ಕೂ ಗಟ್ಟಿ: "ಇರೋದೇ ನಾಲ್ಕು ರಾತ್ರಿ ಅಂದಮೇಲೆ ಎರಡು ಟೆಲಿಸ್ಕೋಪ್ ಒಟ್ಟಿಗೆ ಓಡಿಸಿ ಎಂಟು ಮಾಡ್ಕೋಬಾರದಾ?" ಮಾಡ್ಕೋಬಹುದು. ಯಾವಾಗ ಅಂದರೆ ಎರಡೂ ಚಿಕ್ಕವಾಗಿದ್ದು, ಒಂದೇ ಅಳತೆಯವಾಗಿದ್ದು, ಅಕ್ಕಪಕ್ಕ ಕೂತಾಗ. ಜಗತ್ತಿನಲ್ಲಿ ಇದನ್ನು ಚೆನ್ನಾಗಿ ಮಾಡಿ ತೋರಿಸಿದವರು ಪೀಟರ್ ವಾನ್ ಡೋಕಮ್ ಮತ್ತು ರಾಬರ್ಟೊ ಅಬ್ರಹಾಂ. ಅವರ ಡ್ರ್ಯಾಗನ್‌ಫ್ಲೈ ಅನ್ನೋ ಸಾಧನದಲ್ಲಿ ಇರೋದು ಕ್ರಿಕೆಟ್ ಮೈದಾನದ ಅಂಚಿನಲ್ಲಿ ಫೋಟೊಗ್ರಾಫರುಗಳು ಹಿಡಿದಿರ್ತಾರಲ್ಲ, ಅಂಥ 400 ಮಿಲಿಮೀಟರ್ ಕ್ಯಾನನ್ ಲೆನ್ಸುಗಳು. ಮೂರರಿಂದ ಶುರು ಮಾಡಿ 48ರವರೆಗೆ ಜೋಡಿಸಿದರು. ನ್ಯೂ ಮೆಕ್ಸಿಕೋದಲ್ಲಿ ಕೂತ ಈ ಜೇನುಗೂಡು, ದೈತ್ಯ ಟೆಲಿಸ್ಕೋಪುಗಳಿಗೆ ಕಾಣದೆ ಹೋದ ತೀರಾ ಮಸುಕಾದ ಗೆಲಾಕ್ಸಿಗಳನ್ನು ಹಿಡಿಯಿತು. ಅಲ್ಲಿ ಆನೆ ಇಲ್ಲ, ಅಂಬಾರಿಯೂ ಇಲ್ಲ. ಎಲ್ಲಾ ಲೆನ್ಸೂ ಓರಗೆಯವೇ.

ಆನೆ-ಅಂಬಾರಿ ಜೋಡಿಯಲ್ಲಿ ಲೆಕ್ಕ ಬೇರೆ ಆಗುತ್ತೆ. ಒಳ್ಳೇ ಫೋಟೊಗೆ ಪ್ರತಿ ಕೆಲವು ಎಕ್ಸ್‌ಪೋಷರಿಗೊಮ್ಮೆ ಮೌಂಟನ್ನು ಬೇಕಂತಲೇ ಒಂಚೂರು ಅಲುಗಿಸಬೇಕು, ಡಿದರಿಂಗ್ ಅಂತಾರೆ, ಸೆನ್ಸರಿನ ಕೊಳೆ ಫೋಟೊಗೆ ಅಂಟಬಾರದು ಅಂತ. ದೊಡ್ಡದಕ್ಕೆ ಹತ್ತು ನಿಮಿಷದ ಎಕ್ಸ್‌ಪೋಷರ್, ಚಿಕ್ಕದಕ್ಕೆ ಮೂರು ನಿಮಿಷದ್ದು. ಒಂದು ಮುಗಿಸಿ ಅಲುಗಿಸೋ ಹೊತ್ತಿಗೆ ಇನ್ನೊಂದರ ಶಟರ್ ತೆರೆದಿರುತ್ತೆ. ಒಂದೋ ಫ್ರೇಮು ಹಾಳು, ಇಲ್ಲ ಒಂದು ಇನ್ನೊಂದಕ್ಕೆ ಕಾಯ್ತಾ ಕೂರಬೇಕು. ಎರಡರ ಆಕಾಶದ ಚೌಕಟ್ಟೂ ಬೇರೆ, ಫಲಿತಾಂಶ ಒಂದಕ್ಕೊಂದು ಕೂಡೋದೂ ಕಷ್ಟ. ಎಂಟು ರಾತ್ರಿ ಅಂದ್ಕೊಂಡಿದ್ದು ಮೂರೂವರೆ ಆಗುತ್ತೆ.

ಒಬ್ಬರು ನನ್ನನ್ನೇ ಹಿಡಿದು ಕೇಳಿದ್ದರು, "ನಿಮ್ಮ 60 ಮಿಲಿಮೀಟರ್ ಮೇಲೂ ಒಂದು 30 ಮಿಲಿಮೀಟರ್ ಗೈಡ್‌ಸ್ಕೋಪ್ ಕೂತಿದೆಯಲ್ಲ, ಅದೇನು?" ಅದೂ ಎರಡನೆಯದೇ, ಅಲ್ಲ ಅಂತ ಹೇಳಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಕಾಲು ಕೆ.ಜಿ. ಆಸುಪಾಸು. 360 ಮಿಲಿಮೀಟರಿನಲ್ಲಿ ನನ್ನ ಒಂದು ಪಿಕ್ಸೆಲ್ ನೋಡೋದು 2.15 ಆರ್ಕ್‌ಸೆಕೆಂಡ್. ಮೇಲಿನ ಬಳೆ ಅದೇ 1 ಮೈಕ್ರಾನ್ ಕುಸಿದು 0.7 ತಪ್ಪಿದರೂ ಅದು ಒಂದು ಪಿಕ್ಸೆಲ್ಲಿನ ಮೂರನೇ ಒಂದು ಭಾಗ, ಫೋಟೊದಲ್ಲಿ ಪತ್ತೆಯೇ ಆಗಲ್ಲ. ದೊಡ್ಡದರಲ್ಲಿ ಅದೇ ಕುಸಿತ ರಾತ್ರಿ ನುಂಗುತ್ತೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ.

ಹಾಗಂತ ದೊಡ್ಡದು ಯಾರಿಗೂ ಬೇಡ ಅಂತಲ್ಲ. ಶನಿಯ ಬಳೆ, ಗುರುವಿನ ಪಟ್ಟೆ, ಚಂದ್ರನ ಕುಳಿಗಳ ಹುಚ್ಚು ಇದ್ದರೆ ಆ ಡೋಲನ್ನು ಮಾರಬೇಡಿ. ಗ್ರಹಗಳ ಫೋಟೊಗ್ರಫಿಯೇ ಬೇರೆ ವಿದ್ಯೆ. ಅಲ್ಲಿ ಸಾವಿರಾರು ಚುಟುಕು ಫ್ರೇಮುಗಳ ವಿಡಿಯೊ ತೆಗೆದು, ಗಾಳಿ ಅರೆಗಳಿಗೆ ಸುಮ್ಮನಿದ್ದಾಗ ಸಿಕ್ಕ ಒಳ್ಳೆ ಫ್ರೇಮುಗಳನ್ನ ಮಾತ್ರ ಆರಿಸಿ ಪೇರಿಸ್ತಾರೆ. ಗೈಡಿಂಗೇ ಬೇಡ, ಆದ್ದರಿಂದ ಬೆನ್ನ ಮೇಲೆ ಎರಡನೆಯದೂ ಬೇಡ. ನಗರದ ಬೆಳಕೂ ಅಷ್ಟು ಕಾಡಲ್ಲ. ಮನೆಗೆ ಬಂದ ಅತ್ತೆ ಮಾವನಿಗೆ ಶನಿ ತೋರಿಸಿ ನೋಡಿ, ಆಮೇಲೆ ಟೆಲಿಸ್ಕೋಪಿಗೆ ಯಾಕೆ ಅಷ್ಟು ದುಡ್ಡು ಅಂತ ಕೇಳೋರೇ ಇರಲ್ಲ.

ಆದರೆ ನೀಹಾರಿಕೆ ನಿಮ್ಮ ಗುರಿಯಾಗಿದ್ದರೆ ಚಿಕ್ಕದನ್ನ ಒಂಟಿಯಾಗಿ ಮೌಂಟಿಗೆ ಹಾಕಿ ನೋಡಿ, ಏನೇನು ಬದಲಾಗುತ್ತೆ ಅಂತ. ಇಡೀ ಸಾಮಾನು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದೇ ಸಲಕ್ಕೆ ಟೆರೇಸಿಗೆ ಹೋಗುತ್ತೆ (ಅಸೋಸಿಯೇಷನ್ ಸೆಕ್ರೆಟರಿಯ ಒಪ್ಪಿಗೆ ನಿಮ್ಮ ಜವಾಬ್ದಾರಿ). ಹೈಡ್ರೋಜನ್‌ನ 656 ನ್ಯಾನೊಮೀಟರ್, ಆಕ್ಸಿಜನ್‌ನ 501 ನ್ಯಾನೊಮೀಟರ್ ಬೆಳಕನ್ನು ಮಾತ್ರ ಒಳಗೆ ಬಿಡೋ ಡ್ಯುಯಲ್-ಬ್ಯಾಂಡ್ ಫಿಲ್ಟರ್ ಹಾಕಿದರೆ, ಸಿಲ್ಕ್ ಬೋರ್ಡಿನ ಬೆಳಕಿನ ಮಬ್ಬಿನ ಕೆಳಗೆ ನಿಂತೂ ರೋಸೆಟ್ ತೆಗೀಬಹುದು. ಗೆಲಾಕ್ಸಿಗಳಿಗೆ ಈ ಉಪಾಯ ನಡೆಯಲ್ಲ, ಅವುಗಳ ಬೆಳಕು ಎಲ್ಲಾ ಬಣ್ಣದಲ್ಲೂ ಹರಡಿರುತ್ತೆ, ಅದಕ್ಕೆ ಊರಾಚೆ ಹೋಗಲೇಬೇಕು. ಆದರೆ ವಾರದ ಮಧ್ಯದ ಒಂದು ಬುಧವಾರ ರಾತ್ರಿ, ಮೀಟಿಂಗ್ ಮುಗಿಸಿ ಒಂಬತ್ತಕ್ಕೆ ಮೇಲೆ ಹೋಗಿ, ಒಂಬತ್ತೂವರೆಗೆ ಶಟರ್ ತೆರೆದು, ಕೆಳಗೆ ಬಂದು ಊಟ ಮಾಡೋದು ಈಗ ಸಾಧ್ಯ. ಆ ನಾಲ್ಕು ರಾತ್ರಿಗಳ ಲೆಕ್ಕವೇ ಬದಲಾಯ್ತು.

ಲಡಾಖಿನ ಹಾನ್ಲೆಗೆ ಹೋಗೋ ಕನಸು ಎಲ್ಲರಿಗೂ ಇದ್ದೇ ಇರುತ್ತೆ. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ಟೆಲಿಸ್ಕೋಪ್ ಇರೋದು ಅಲ್ಲೇ, ಅದನ್ನ ಓಡಿಸೋದು ಹೊಸಕೋಟೆಯಿಂದ. 2022ರಲ್ಲಿ ಆ ಸುತ್ತಲಿನ ಪ್ರದೇಶವನ್ನು ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದ್ದಾರೆ. ಅಲ್ಲಿಗೆ ಹೋಗೋ ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಸಾಮಾನ್ಯವಾಗಿ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. 60 ಮಿಲಿಮೀಟರಿನ ಟ್ಯೂಬು, ಕ್ಯಾಮೆರಾ, ಗೈಡ್‌ಸ್ಕೋಪು ಕೈಚೀಲದಲ್ಲಿ ಹಿಡಿದು ಇನ್ನೂ ಒಂದು ಸ್ವೆಟರಿಗೆ ಜಾಗ ಉಳಿಯುತ್ತೆ. ಡೋಲನ್ನು ಹೊತ್ಕೊಂಡು ಹೋಗಬೇಕು ಅನ್ನೋರು ಕೌಂಟರಿನಲ್ಲಿ ಹೆಚ್ಚುವರಿ ತೂಕಕ್ಕೆ ಎಷ್ಟು ಅಂತ ಮೊದಲೇ ವಿಚಾರಿಸಿಕೊಳ್ಳಿ.

ಮಾರೋದು ಹೇಗೆ ಅಂತ ಕೇಳೋರಿಗೆ: ಮುಂದಿನ ಗಾಜನ್ನ ಉಜ್ಜಿ ಒರೆಸೋಕೆ ಹೋಗಬೇಡಿ, ಧೂಳಿದ್ದರೆ ಇರಲಿ, ಗೀರು ಬಿದ್ದರೆ ಬೆಲೆ ಹೋಗುತ್ತೆ. ಗ್ರಹಗಳ ಹುಚ್ಚಿರೋ ಒಬ್ಬರು ನಿಮ್ಮ ಸ್ನೇಹಿತರ ಗುಂಪಿನಲ್ಲೇ ಇರ್ತಾರೆ, ಅವರಿಗೆ ಕೊಡಿ. ಮೇಲಿನ ಪಟ್ಟಿ, ಬಳೆಗಳನ್ನ ಮಾತ್ರ ಅದರ ಜೊತೆ ಕೊಡಬೇಡಿ. ಅವರೂ ಏನಾದರೂ ಕೂರಿಸೋಕೆ ಶುರು ಮಾಡ್ತಾರೆ.